ಆತು, ನೋಡೂಣು, ಬ್ಯಾಡ

ಕಲಘಟಗಿಯ ಕುಬೇರಪ್ಪ ಸಾವಕಾರರ ತೊಟ್ಟಿಲ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಾಗ, ಅದು ಎಂಥ ಕೆಲಸ ಎಂದು ಮನೆಯಲ್ಲಿ ತಿಳಿಸಿ ಹೇಳುವುದೇ ಕಷ್ಟವಾಯಿತು. ಅಂಗಡಿಯ ಮುಂದೆ ನಿಂತು ಗಿರಾಕಿಗಳಿಗೆ ಮಾಲು ತೋರಿಸುವುದಲ್ಲ. ಹಿಂದಿನ ಖೋಲಿಯಲ್ಲಿ ಕುರ್ಚಿಯ ಮೇಲೆ ಕೂತು, ಫೋನಿನಲ್ಲಿ ಮಾತಾಡಿ, ನಾನು ನೋಡದ ಊರಿನ ನೋಡದ ಮಂದಿಗೆ ತೊಟ್ಟಿಲು ಮಾರುವುದು. ನನ್ನ ಗಂಡ ಮಡಿವಾಳೆಪ್ಪ ಎರಡು ಸಲ ಕೇಳಿಸಿಕೊಂಡ.

"ಬರೇ ಮಾತಾಡಿದ್ದಕ್ಕ ಪಗಾರ ಕೊಡತಾರೇನು? ಹಂಗಾದ್ರ ನಿಮ್ಮವ್ವಗ ಇಷ್ಟೊತ್ತಿಗೆ ಬಂಗಲೆ ಕಟ್ಟಿಸಿ ಕೊಡತಿದ್ರು."

ಅವನು ನಗಾಡಿದ್ದು ಬಹಳ ದಿನಗಳ ಮೇಲೆ. ಅಳ್ನಾವರದ ಕಟ್ಟಿಗೆ ಅಡ್ಡೆಯಲ್ಲಿ ದಿಮ್ಮಿ ಉರುಳಿ ಅವನ ಎಡಗಾಲು ಹೋದಾಗಿನಿಂದ ಮನೆಯ ಭಾರವೆಲ್ಲ ನನ್ನ ಮೇಲಿತ್ತು. ಹಿಂದಿನ ವರ್ಷ ನಾನು ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಬೆಳಗಾವಿ ಕಡೆಗೆ ಹೋಗಿ ಐದು ತಿಂಗಳು ಇದ್ದು ಬಂದಿದ್ದೆ. ತಿರುಗಿ ಬಂದ ದಿನ ಸಣ್ಣ ಮಗಳು ಗೌರಿ ನನ್ನನ್ನು ನೋಡಿ ಬಾಜು ಮನೆಯ ಕಸ್ತೂರೆವ್ವನ ಸೆರಗಿನ ಹಿಂದೆ ಅಡಗಿದಳು. ಅವಳಿಗೆ ಆಗ ನಾಲ್ಕು ವರ್ಷ. ಕಸ್ತೂರೆವ್ವನನ್ನೇ ಅವ್ವ ಎನ್ನುತ್ತಿದ್ದಳು. ಅದನ್ನು ಬಿಡಿಸಲು ನನಗೆ ಎರಡು ತಿಂಗಳು ಬೇಕಾಯಿತು.

ಹೀಗಾಗಿ ಎಂಬತ್ತಾರನೇ ಇಸವಿಯ ಆಗಸ್ಟಿನಲ್ಲಿ, ಎಸ್ಸೆಸ್ಸೆಲ್ಸಿ ಪಾಸಾದ ಹೆಣ್ಣುಮಗಳು ಬೇಕಾಗಿದ್ದಾಳೆ ಎಂದು ಸಾವಕಾರರು ಹೇಳಿ ಕಳಿಸಿದಾಗ, ನಾನು ಪಗಾರ ಎಷ್ಟು ಎಂದು ಕೂಡ ಕೇಳಲಿಲ್ಲ. ನೆರಳಿನ ಕೆಲಸ, ಸಂಜೆಗೆ ಮನೆಗೆ ಬರುವ ಕೆಲಸ. ಸಾವಕಾರರ ಷರತ್ತು ಒಂದೇ. ಮೂರು ತಿಂಗಳು ನೋಡುತ್ತಾರೆ. ಅಕ್ಟೋಬರ್ ಮುಗಿಯುವುದರೊಳಗೆ ಫೋನಿನ ಮೇಲೆ ಇಪ್ಪತ್ತು ತೊಟ್ಟಿಲು ಹೋದರೆ ಕೆಲಸ ಕಾಯಂ. ಇಲ್ಲವಾದರೆ ಇಲ್ಲ, ಮತ್ತೆ ಕಬ್ಬಿನ ಗ್ಯಾಂಗೇ ಗತಿ. ಗ್ಯಾಂಗು ದೀಪಾವಳಿ ಮುಗಿಸಿ ಹೊರಡುವುದು, ಅದು ನನಗೂ ಗೊತ್ತಿತ್ತು, ಗ್ಯಾಂಗಿನ ಮುಕಾದಮ ಶಂಕ್ರಪ್ಪನಿಗೂ ಗೊತ್ತಿತ್ತು.

ನಮ್ಮ ಕಡೆ ಹೊಟ್ಟೆಯಲ್ಲಿರುವ ಕೂಸಿಗೆ ಯಾರೂ ತೊಟ್ಟಿಲು ತರುವುದಿಲ್ಲ. ಆ ಶಬ್ದವನ್ನೇ ಎತ್ತುವುದಿಲ್ಲ. ಹೆರಿಗೆಯಾಗಬೇಕು, ತಾಯಿಯ ತವರಿನವರು ತರಬೇಕು, ಅದೂ ಹೆಸರಿಡುವುದರೊಳಗೆ. ಹನ್ನೆರಡು ದಿನಗಳ ವ್ಯಾಪಾರ ಇದು. ಯಾರ ಮನೆಯಲ್ಲಿ ಹೆರಿಗೆ ಹತ್ತಿರ ಬಂದಿದೆ ಎಂಬುದನ್ನು ಸಾವಕಾರರು ಬಳೆಗಾರ ಮಲಿಕಸಾಬನಿಂದ ತಿಳಿಯುತ್ತಿದ್ದರು. ಕುಬಸ ಎನ್ನುವ ಸೀಮಂತಕ್ಕೆ ಬಸುರಿಗೆ ಹಸಿರು ಬಳೆ ತೊಡಿಸಲು ಅವನು ಕುಂದಗೋಳದಿಂದ ಅಳ್ನಾವರದವರೆಗೆ ತಿರುಗುತ್ತಿದ್ದ. ವಾರಕ್ಕೊಮ್ಮೆ ಬಂದು, ಎಲ್ಲಿ, ಯಾರ ಮಗಳು, ಎಷ್ಟನೆಯ ತಿಂಗಳು ಎಂದು ನೆನಪಿನ ಮೇಲೆ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ದಿನ ಎಣಿಸಿ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದೆ. ಹಳ್ಳಿಗೆ ಒಂದೇ ಫೋನು, ಕಿರಾಣಿ ಅಂಗಡಿಯಲ್ಲೋ ಸೊಸಾಯಿಟಿಯಲ್ಲೋ. ಮನೆಯವರನ್ನು ಕರೆಸಿ ಕೊಡಬೇಕು. ಹೆಣ್ಣಿನ ಅಪ್ಪನೋ ಅವ್ವನೋ ಏದುಸಿರು ಬಿಡುತ್ತ ಓಡಿ ಬರುತ್ತಿದ್ದರು, ಯಾರಾದರೂ ತೀರಿಕೊಂಡಿದ್ದಾರೋ ಏನೋ ಎಂಬ ಹೆದರಿಕೆಯಲ್ಲಿ. ಕಾಲು ಮೂರು ನಿಮಿಷದ್ದು, ಕರೆಸುವ ಹೊತ್ತು ಕಳೆದು ಉಳಿದದ್ದು ನನಗೆ.

ಸಾವಕಾರರು ರಜಿಸ್ಟರಿನಲ್ಲಿ ಹೆಸರಿನ ಮುಂದೆ ಮೂರು ಖಾನೆ ಹಾಕಿಸಿದ್ದರು. ಆತು, ನೋಡೂಣು, ಬ್ಯಾಡ. ಎರಡು ವಾರದಲ್ಲಿ ನಡುವಿನ ಖಾನೆ ತುಂಬಿಹೋಯಿತು. ಮೂರನೆಯದು ಹಾಗೇ ಬೆಳ್ಳಗೆ ಉಳಿಯಿತು. ನಾನು ಹುಮ್ಮಸ್ಸಿನಿಂದ, ಇಷ್ಟು ಮಂದಿ ನೋಡೂಣು ಅಂದಿದ್ದಾರೆ ಎಂದು ತೋರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಹುಚ್ಚಿ. ನಮ್ಮ ಮಂದಿ ಮಾರಿ ಮ್ಯಾಲೆ ಬ್ಯಾಡ ಅಂತಾರೇನು? ನೋಡೂಣು ಅಂದ್ರ ಬ್ಯಾಡ ಅಂತ ತಿಳಕೋ."

ಮತ್ತೆ ಕೆಲವು ಪಾಠ ಕಲಿಸಿದರು. ಮೊದಲು 'ಹೆರಿಗಿ ಆತೇನ್ರಿ' ಎಂದು ಕೇಳಬೇಕು. ಆತು ಅಂದರೆ ಒಡನೆ ತೊಟ್ಟಿಲಿನ ಮಾತಿಗೆ ಬರಬೇಕು. ತಾಯಿ ಹೇಗಿದ್ದಾಳೆ, ಕೂಸು ಹೇಗಿದೆ ಎಂದು ಮಾತ್ರ ಕೇಳಬಾರದು. ಕೇಳಿದರೆ ಅವರು ನೋವು ಬಂದಲ್ಲಿಂದ ಕತೆ ಶುರು ಮಾಡುತ್ತಾರೆ, ಮೂರು ನಿಮಿಷ ಅದರಲ್ಲೇ ಹೋಗುತ್ತದೆ, ಎಕ್ಸಚೇಂಜಿನವಳು ಲೈನು ಕತ್ತರಿಸುತ್ತಾಳೆ. ಇನ್ನೊಂದು ಮೂರು ನಿಮಿಷ ಕೇಳುವ ಹಾಗಿರಲಿಲ್ಲ.

ದಿನವಿಡೀ ಫೋನು ಹಿಡಿದು ಬಲಗಿವಿ ಕೆಂಪಾಗುತ್ತಿತ್ತು. ಎಷ್ಟೋ ದಿನ ಬುಕ್ ಮಾಡಿದ ಕಾಲು ಸಂಜೆಯವರೆಗೆ ಬರುತ್ತಲೇ ಇರಲಿಲ್ಲ. ಬಂದರೆ ಹುಬ್ಬಳ್ಳಿಯವಳು, ಕುಂದಗೋಳದವಳು, ನಾನು, ಎಲ್ಲರೂ ಕೂಡಿ ಹಲೋ ಹಲೋ ಎಂದು ಒದರುವುದು. ಯಾರದೋ ಮನೆಯ ಸಂತೋಷದಲ್ಲಿ ಕರೆಯದೆ ಹೋಗಿ ಕೂತಂತೆ ಅನಿಸುತ್ತಿತ್ತು. ಬೈಸಿಕೊಂಡೆ, ನಗೆಪಾಟಲಾದೆ. ಒಬ್ಬ ಮುದುಕಿಯಂತೂ ನಾನು ದವಾಖಾನೆಯ ನರ್ಸಬಾಯಿ ಎಂದು ತಿಳಿದು ತನ್ನ ಮೊಣಕಾಲ ನೋವಿಗೆ ಔಷಧ ಕೇಳಿದಳು.

ಸಂಜೆ ಮನೆಯಲ್ಲಿ ಇದನ್ನೆಲ್ಲ ಅವರ ದನಿಯಲ್ಲೇ ಮಾಡಿ ತೋರಿಸುತ್ತಿದ್ದೆ. ಮಕ್ಕಳಿಗೆ ಅದೇ ಆಟವಾಯಿತು. ದೊಡ್ಡವಳು ಸೌಟನ್ನು ಕಿವಿಗೆ ಹಿಡಿದು, ತೊಟ್ಟಿಲಾ ಬೇಕೇನ್ರಿ ಎನ್ನುವಳು. ಗೌರಿ ಸೊಂಟದ ಮೇಲೆ ಕೈ ಇಟ್ಟು, ಮುದುಕನ ಹಾಗೆ ಕೆಮ್ಮಿ, ನೋಡೂಣು ಎನ್ನುವಳು. ಹಂಗಂದ್ರ ಏನು ಎಂದು ಅಪ್ಪ ಕೇಳಿದರೆ, ಬ್ಯಾಡ ಅಂತ ಎಂದು ಒದರಿ ಓಡಿ ಹೋಗುವಳು.

ಅಕ್ಟೋಬರ್ ಇಪ್ಪತ್ತೊಂಬತ್ತಕ್ಕೆ ಹತ್ತೊಂಬತ್ತು ತೊಟ್ಟಿಲು ಹೋಗಿದ್ದವು. ಆ ದಿನ ಮಧ್ಯಾಹ್ನ ಕುಬಿಹಾಳದ ಕಾಲು ಬಂತು. ಮಲಿಕಸಾಬ ಬರೆಸಿದ ಹೆಸರು, ಕರಿಸಿದ್ದಪ್ಪ, ಮಗಳು ಹನಮವ್ವ, ಚೊಚ್ಚಲ ಹೆರಿಗೆ. ಅಲ್ಲಿಯ ಕಿರಾಣಿ ಅಂಗಡಿಯ ಫೋನು. ಅಂಗಡಿಯಲ್ಲಿ ರೇಡಿಯೊ ಹಾಡುತ್ತಿತ್ತು, ಯಾರಿಗೋ ಬೆಲ್ಲ ತೂಗುತ್ತಿದ್ದರು. ಕರಿಸಿದ್ದಪ್ಪ ಬಂದು ಹಲೋ ಎನ್ನದೆ ಸುಮ್ಮನೆ ನಿಂತದ್ದು ಅವನ ಉಸಿರಿನಿಂದ ತಿಳಿಯಿತು.

"ಹೆರಿಗಿ ಆತೇನ್ರಿ?"

"ಆತ್ರಿ."

ಮೂರು ತಿಂಗಳಲ್ಲಿ ನಾನು ಒಂದು ವಿಷಯ ಕಲಿತಿದ್ದೆ. ಗಂಡಾಗಿದ್ದರೆ ಜನ ಕೇಳುವ ಮೊದಲೇ ಹೇಳುತ್ತಾರೆ. ಹೆಣ್ಣಾಗಿದ್ದರೆ ಒಂದು ಉಸಿರು ಬಿಟ್ಟು, ಲಕ್ಷ್ಮೀ ಬಂದಾಳ್ರಿ ಎನ್ನುತ್ತಾರೆ. ಈ ಮನುಷ್ಯ ಎರಡೂ ಹೇಳಲಿಲ್ಲ. ನಾನು ಕಾದೆ. ರೇಡಿಯೊ ಹಾಡುತ್ತಲೇ ಇತ್ತು. ಅಷ್ಟರಲ್ಲಿ ಎಕ್ಸಚೇಂಜಿನವಳು ನಡುವೆ ಬಂದು, ಮೂರು ಮಿನಿಟ್ ಆಗಲಿಕ್ಕೆ ಬಂತು ಎಂದಳು. ಅವನನ್ನು ಕರೆಸುವುದರಲ್ಲೇ ಎರಡು ನಿಮಿಷ ಹೋಗಿದ್ದವು.

"ತೊಟ್ಟಿಲಾ ಕಳಸೂಣೇನ್ರಿ ಹಂಗಾದ್ರ?" ಎಂದೆ.

"ಆತ್ರಿ," ಎಂದ. ಆಮೇಲೆ ಇನ್ನೊಂದು ಸಲ, ಸಣ್ಣ ದನಿಯಲ್ಲಿ, "ಆತವ್ವ."

ಲೈನು ಹೋಯಿತು. ನಾನು ಪೆನ್ನು ಹಿಡಿದು ಕೂತೆ. ಹುಟ್ಟಿದಾಗಿನಿಂದ ಇದೇ ಮಾತು ಆಡಿದವಳು ನಾನು. ಉಂಡು ಎದ್ದರೂ ಆತು, ಒಪ್ಪಿಕೊಂಡರೂ ಆತು, ಮಾತು ಸಾಕಾದರೂ ಆತು, ಮುಗಿದು ಹೋದದ್ದಕ್ಕೂ ಆತು. ಅವನದು ಯಾವ ಆತು ಎಂದು ಮತ್ತೊಮ್ಮೆ ಕಾಲು ಹಾಕಿ ಕೇಳಬಹುದಿತ್ತು. ಕೇಳಲಿಲ್ಲ. ಮೊದಲನೆಯ ಖಾನೆಯಲ್ಲಿ ಗೀಟು ಎಳೆದೆ. ಇಪ್ಪತ್ತು. ಸಾವಕಾರರು ಬಂದು ನೋಡಿ, "ಗೆದ್ದಿ ಬಿಡು, ಶಾರದವ್ವ" ಎಂದರು. ಬಿಡಿಬಿಡಿಯಾದ ತೊಟ್ಟಿಲನ್ನು ಗೋಣಿತಟ್ಟಿನಲ್ಲಿ ಕಟ್ಟಿಸಿ, ಊರು ಹೆಸರು ಬರೆದ ಚೀಟಿ ಹೊಲಿಸಿ, ಮರುದಿನ ಬೆಳಗಿನ ಬಸ್ಸಿನ ಟಪ್ಪಿನ ಮೇಲೆ ಹಾಕಿಸಿದರು. ಹಣ ಮಾಲು ಮುಟ್ಟಿದ ಮೇಲೆ. ಆ ರಾತ್ರಿ ಮನೆಯಲ್ಲಿ ಕೆಲಸ ಕಾಯಂ ಆಯಿತು ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

ಮರುದಿನ, ಮೂವತ್ತನೇ ತಾರೀಕು, ಸಾವಕಾರರು ಸಾಗವಾನಿಯ ಹರಾಜಿಗೆ ಹೋಗಿದ್ದರು. ಹನ್ನೊಂದರ ಸುಮಾರಿಗೆ ಮಲಿಕಸಾಬ ಬಂದ. ಬಳೆಯ ಪೆಟ್ಟಿಗೆ ಇಳಿಸಿ, ನೀರು ಕುಡಿದು, ಹೊಸ ಹೆಸರುಗಳನ್ನು ಬರೆಸಿದ. ಏಳುವಾಗ ಹೇಳಿದ.

"ಕುಬಿಹಾಳದ್ದೊಂದು ಹೊಡದ ಹಾಕವ್ವ. ಕೂಸು ಉಳೀಲಿಲ್ಲ. ಕೂಸಿಗೆ ತೊಡಸಾಕ ಕರಿ ಬಳಿ ತಗೊಂಡು ನಿನ್ನಿ ಸಂಜಿಕ ಹೋಗಿದ್ದೆ, ಬಾಗಲದಾಗಿಂದ ಹೊಳ್ಳಿ ಬಂದೆ. ಹೊರಗ ಬರೂದಕ್ಕ ಉಸರು ಇರಲಿಲ್ಲಂತ."

"ಯಾವಾಗ, ಕಾಕಾ?"

"ಸೋಮವಾರ."

ನಾನು ಫೋನು ಮಾಡಿದ್ದು ಬುಧವಾರ. ಮಲಿಕಸಾಬ ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದ. ಹೇಳಿದೆ. ಅವನು ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹೆಸರು ಕೊಟ್ಟವನು ತಾನು, ಇನ್ನು ಆ ಓಣಿಯಲ್ಲಿ ಬಳೆ ಎಂದು ಕೂಗಲು ತನಗೆ ಬಾಯಿ ಬಾರದು ಎಂದ. ನನ್ನನ್ನು ಬೈಯಲಿಲ್ಲ.

ತಿರುಗಿ ತಂದರೆ ಹತ್ತೊಂಬತ್ತು. ಬಿಟ್ಟರೆ, ಅವರೇ ಸಾವಕಾರರಿಗೆ ತಿಳಿಸಿ ಕಳಿಸುವುದರೊಳಗೆ ತಿಂಗಳು ದಾಟುತ್ತದೆ, ರಜಿಸ್ಟರಿನಲ್ಲಿ ಇಪ್ಪತ್ತು ಇರುತ್ತದೆ. ಇದನ್ನು ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಸ್ ಸ್ಟ್ಯಾಂಡಿನವರೆಗೂ ಯೋಚಿಸಿದೆ. ಖೋಲಿಗೆ ಕೀಲಿ ಹಾಕಿ ಬಂದಿದ್ದೆ, ಯಾರಿಗೂ ಹೇಳಿರಲಿಲ್ಲ. ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಕುಂದಗೋಳ, ಮತ್ತೊಂದು ಬಸ್ಸು. ಕುಬಿಹಾಳದಲ್ಲಿ ಇಳಿದಾಗ ಮೂರು ದಾಟಿತ್ತು.

ಕಿರಾಣಿ ಅಂಗಡಿಯವನು ನನ್ನ ದನಿ ಕೇಳಿಯೇ ಗುರುತು ಹಿಡಿದ. ಫೋನ್ ಮಾಡಾಕಿ ನೀವೇ ಏನ್ರಿ ಎಂದ. ಗಂಟಿನಲ್ಲಿ ಏನಿದೆ ಎಂದು ತನಗೆ ತಿಳಿಯಲಿಲ್ಲ, ಚೀಟಿಯ ಮೇಲಿನ ಹೆಸರು ನೋಡಿ ಇಬ್ಬರ ಕೈಯಲ್ಲಿ ಮನೆಗೆ ಕಳಿಸಿದೆ ಎಂದ. ಆಮೇಲೆ ಮುಖ ತಿರುವಿ ತಕ್ಕಡಿ ಒರೆಸತೊಡಗಿದ.

ಕರಿಸಿದ್ದಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಬಾಜುವಿನಲ್ಲಿ ಗಂಟು. ತಟ್ಟು ಒಂದು ಕಡೆ ಹರಿದು ಒಳಗಿನ ಕೆಂಪು ಹಳದಿ ಬಣ್ಣ ಕಾಣುತ್ತಿತ್ತು. ಅದರ ಮೇಲೆ ಅವನು ತನ್ನ ಕಂಬಳಿ ಹೊದಿಸಿದ್ದ. ಒಳಗಿನವರಿಗೆ ಕಾಣದಂತೆ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದ ಎಂದು ಆಮೇಲೆ ನನಗೆ ಹೊಳೆಯಿತು. ನಾನು ಯಾರೆಂದು ಹೇಳಿದೆ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು.

"ನೀ ಹೆರಿಗಿ ಆತೇನು ಅಂದಿ," ಎಂದ. "ಹೆರಿಗಿ ಆಗಿತ್ತಲ್ಲ, ಸುಳ್ಳ ಹೆಂಗ ಹೇಳಲಿ? ಆತು ಅಂದೆ. ಆಮ್ಯಾಲೆ ನೀ ಏನೋ ಕೇಳಿದಿ. ನನಗ ಕೇಳಲಿಲ್ಲ. ಫೋನು ಕೆಳಗ ಇಟ್ಟರ ಸಾಕಾಗಿತ್ತವ್ವ ನನಗ."

"ತಪ್ಪಾತ್ರಿ, ಯಪ್ಪಾ."

"ತಿಳೀದ ಆತು. ಬಿಡು."

ಅಲ್ಲಿಗೆ ಬಿಡಬಹುದಿತ್ತು. ಬಸ್ಸಿನಲ್ಲಿ ನಾಲ್ಕು ತಾಸು ಕೂತು ಬಂದವಳಿಗೆ ಬಿಡಲಾಗಲಿಲ್ಲ. "ತಿಳೀದ ಅಲ್ರಿ," ಎಂದೆ. "ನಿಮ್ಮ ದನಿಯೊಳಗ ನನಗ ಗೊತ್ತಾಗಿತ್ತು. ಗೊತ್ತಾಗಿಯೂ ಬರಕೊಂಡೆ."

ಅವನು ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದ. "ಯಾಕವ್ವ?"

"ನನಗೊಂದು ಕಡಿಮಿ ಬಿದ್ದಿತ್ರಿ."

ಯಾವುದಕ್ಕೆ, ಎಷ್ಟಕ್ಕೆ ಎಂದು ಅವನು ಕೇಳಲಿಲ್ಲ. ಜಾರಿದ ಕಂಬಳಿಯನ್ನು ಎಳೆದು ಗಂಟಿನ ಮೇಲೆ ಸರಿ ಮಾಡಿದ. ಎತ್ತಿನ ಕೊರಳ ಗಂಟೆ ಒಂದೆರಡು ಸಲ ಅಲ್ಲಾಡಿತು. ಸಂಜೆ ಐದೂವರೆಗೆ ಬಸ್ಸಿದೆ, ಅದರಲ್ಲಿ ಹಾಕಿಸಿ ಕೊಡುತ್ತೇನೆ ಎಂದಷ್ಟೇ ಹೇಳಿದ.

ಅಷ್ಟರಲ್ಲಿ ಹನಮವ್ವ ಹೊರಗೆ ಬಂದಳು. ಹತ್ತೊಂಬತ್ತು ಇಪ್ಪತ್ತರ ಹುಡುಗಿ. ತಲೆಗೆ ಬಾಣಂತಿಯರ ಹಾಗೆ ಬಟ್ಟೆ ಕಟ್ಟಿದ್ದರು, ಕಿವಿಯಲ್ಲಿ ಅರಳೆ. ಕೈ ತುಂಬ ಮಲಿಕಸಾಬ ತೊಡಿಸಿದ ಹಸಿರು ಬಳೆ. ಅಪ್ಪ ಏಳುವುದರೊಳಗೆ ಅವಳು ಕೂತು ಕಂಬಳಿಯ ಅಂಚು ಎತ್ತಿದ್ದಳು. ಹೊಸ ಅರಗಿನ ಬಣ್ಣದ ವಾಸನೆ ಕಟ್ಟೆಯ ತುಂಬ ಹರಡಿತು. ಹಲಗೆಯ ಮೇಲೆ ಬರೆದ ಗಿಳಿಯ ಕೊಕ್ಕನ್ನು ಬೆರಳಿನಿಂದ ಮುಟ್ಟಿದಳು.

"ಯಾರದಪ್ಪ ಇದು?"

ಕರಿಸಿದ್ದಪ್ಪ ನನ್ನ ಕಡೆ ನೋಡಿದ. ನಾನೇ ಹೇಳಿದೆ. "ತಪ್ಪಿ ಬಂದೈತವ್ವ. ಅಳ್ನಾವರಕ್ಕ ಹೋಗೂದಿತ್ತು. ಒಯ್ಯಾಕ ಬಂದೇನಿ." ರಜಿಸ್ಟರಿನಲ್ಲಿ ಇವಳ ಹೆಸರಿನ ಕೆಳಗೆ ಇದ್ದದ್ದು ಅಳ್ನಾವರದ ಹೆಸರು. ಬಾಯಿಗೆ ಅದೇ ಬಂತು.

ಅವಳು ಗಿಳಿಯ ಮೇಲಿನ ಬೆರಳು ತೆಗೆಯಲಿಲ್ಲ. "ಅಲ್ಲಿ ಕೂಸು ಆರಾಮ ಐತೇನ್ರಿ?"

"ಆರಾಮ ಐತವ್ವ."

"ಗಂಡೋ, ಹೆಣ್ಣೋ?"

"ಹೆಣ್ಣು."

ಅವಳು ತಲೆಯಾಡಿಸಿದಳು. ಕಂಬಳಿಯನ್ನು ಮತ್ತೆ ಹೊದಿಸಿ, ಗಾಳಿ ಹೋಗದ ಹಾಗೆ ನಾಲ್ಕೂ ಮೂಲೆಗಳನ್ನು ಒಳಗೆ ಸಿಕ್ಕಿಸಿ, ಎದ್ದು ಹೋದಳು. ಬಸ್ಸು ಬಂದಾಗ ನಾನು ಕಂಬಳಿ ತೆಗೆದುಕೊಡಲು ಹೋದೆ. ಕರಿಸಿದ್ದಪ್ಪ ಬೇಡವೆಂದ. ಊರ ಮಂದಿ ನೋಡುವುದು ಬೇಡ, ಮಲಿಕಸಾಬನ ಕೈಯಲ್ಲಿ ಕಳಿಸು ಎಂದ.

ಮರುದಿನ ತಿಂಗಳ ಕೊನೆಯ ದಿನ. ನಾನು ಬೇಗ ಹೋಗಿ ತೊಟ್ಟಿಲನ್ನು ಅದರ ಜಾಗದಲ್ಲಿಟ್ಟು, ರಜಿಸ್ಟರು ತೆಗೆದು, ಕುಬಿಹಾಳದ ಮುಂದಿನ ಗೀಟನ್ನು ಹೊಡೆದು ಹಾಕಿದೆ. ಯಾವ ಖಾನೆಯಲ್ಲಿ ಬರೆಯಬೇಕು ಎಂದು ತಿಳಿಯದೆ ಮೂರನ್ನೂ ಖಾಲಿ ಬಿಟ್ಟೆ. ಹತ್ತು ಗಂಟೆಗೆ ಫೋನು ಬಡಿಯಿತು. ಎರಡು ದಿನದ ಹಿಂದೆ ಬುಕ್ ಮಾಡಿದ್ದ ಅಳ್ನಾವರದ ಕಾಲು. ಫಾತಿಮಾಬಿ ಎಂಬಾಕೆಯ ಮಗಳು ರಜಿಯಾಬಿಗೆ ದಿನ ತುಂಬಿದ್ದವು.

ಇದೊಂದು ಆದರೆ ಇಪ್ಪತ್ತು. ನನಗೆ ಗೊತ್ತಿತ್ತು.

"ಹೆರಿಗಿ ಆತೇನ್ರಿ?"

"ಆತ್ರಿ," ಎಂದಳು ಫಾತಿಮಾಬಿ.

ನಾನು ತೊಟ್ಟಿಲಿನ ಮಾತಿಗೆ ಬರಬೇಕಿತ್ತು. ಆದರೆ ನಿನ್ನೆ ಆ ಹುಡುಗಿಯ ಮುಂದೆ ಅಳ್ನಾವರದ ಕೂಸು ಆರಾಮವಾಗಿದೆ ಎಂದು ಹೇಳಿ ಬಂದಿದ್ದೆನಲ್ಲ, ಅದು ನಿಜವೋ ಸುಳ್ಳೋ ಎಂದು ತಿಳಿಯದೆ ಮುಂದಿನ ಮಾತು ಬಾಯಿಗೆ ಬರಲಿಲ್ಲ.

"ತಾಯಿ, ಕೂಸು ಇಬ್ರೂ ಆರಾಮ ಅದಾರೇನ್ರಿ?"

ಸಾವಕಾರರು ಹೇಳಿದಂತೆಯೇ ಆಯಿತು. ಮಂಗಳವಾರ ನಸುಕಿನಲ್ಲಿ ನೋವು ಬಂದದ್ದು, ಟಾಂಗಾ ಸಿಗದೆ ಹೋದದ್ದು, ಸೂಲಗಿತ್ತಿ ಬರುವುದರೊಳಗೆ ಎಲ್ಲ ಮುಗಿದಿದ್ದು, ಹೆಣ್ಣು, ಅಗದಿ ಅಜ್ಜಿಯ ಮೂಗು, ಒಂದೇ ಕಡೆ ಮೊಲೆ ಕುಡಿಯುವ ಹಟ. ನಾನು ಹೂಂ ಹೂಂ ಎನ್ನುತ್ತ ಹೋದೆ. ಕೂಸಿನ ದನಿ ಕೇಳಿಸಲಿಲ್ಲ, ಮನೆ ದೂರ. ಆದರೂ ಕಿವಿಯನ್ನು ಫೋನಿಗೆ ಒತ್ತಿ ಹಿಡಿದಿದ್ದೆ. ಮೂರು ಮಿನಿಟ್ ಆತ್ರಿ ಎಂದಳು ಎಕ್ಸಚೇಂಜಿನವಳು. ನಾನು ತೊಟ್ಟಿಲು ಎನ್ನುವಷ್ಟರಲ್ಲಿ ಲೈನು ಹೋಗಿತ್ತು. ಮತ್ತೆ ಬುಕ್ ಮಾಡಿದೆ. ಸಂಜೆಯವರೆಗೆ ಬರಲಿಲ್ಲ.

ಸಂಜೆ ಬಂದ ಸಾವಕಾರರು ಮೊದಲು ತೊಟ್ಟಿಲು ನೋಡಿದರು, ಆಮೇಲೆ ಅದರ ಮೇಲಿನ ಕಂಬಳಿ, ಆಮೇಲೆ ರಜಿಸ್ಟರು. ನಡೆದದ್ದನ್ನು ಬಿಡದೆ ಹೇಳಿದೆ. ಕೀಲಿ ಹಾಕಿ ಹೋದದ್ದನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಕೂಸಿನ ಮಾತಿಗೆ ಚುಚ್ ಚುಚ್ ಎಂದರು.

"ಅಳ್ನಾವರದ್ದೇನಾತು?"

"ಕೂಸು ಆರಾಮ ಐತಂತ್ರಿ."

"ತೊಟ್ಟಿಲಾ?"

"ಕೇಳಾಕ ಆಗಲಿಲ್ರಿ."

ಅವರು ರಜಿಸ್ಟರು ಮುಚ್ಚಿ ಅದರ ಮೇಲೆ ಅಂಗೈ ಇಟ್ಟರು. "ಆತು ಬಿಡು ಹಂಗಾದ್ರ," ಎಂದರು.

ಮೂರು ತಿಂಗಳ ಹಿಂದಾಗಿದ್ದರೆ ನನಗೆ ಬೇಕಾದ ಅರ್ಥ ಹಚ್ಚಿಕೊಂಡು ಮರುದಿನ ಬಂದು ಕುರ್ಚಿಯ ಮೇಲೆ ಕೂತು ಬಿಡುತ್ತಿದ್ದೆನೋ ಏನೋ. "ಆತು ಅಂದ್ರ ಏನ್ರಿ ಸಾವಕಾರ್ರ?" ಎಂದೆ.

ಅವರು ಹೇಳಲು ಇಷ್ಟವಿಲ್ಲದವರ ಹಾಗೆ ಕನ್ನಡಕ ತೆಗೆದರು, ಹಾಕಿಕೊಂಡರು. ಕೊನೆಗೆ ಅಂದರು. "ನಾಳಿಂದ ಬ್ಯಾಡವ್ವ."

ಅಷ್ಟು ದಿನ ಆ ಖೋಲಿಯಲ್ಲಿ ಕೂತು ಯಾರ ಬಾಯಿಂದಲೂ ಕೇಳದ ಮಾತು ಅದು. ಕೇಳಿದ ಮೇಲೆ ಮತ್ತೇನೂ ಕೇಳುವುದು ಉಳಿಯಲಿಲ್ಲ. ಕಂಬಳಿಯನ್ನು ಮಡಚಿ, ಮಲಿಕಸಾಬ ಬಂದರೆ ಕೊಡಿ ಎಂದು ಹೇಳಿ ಹೊರಟೆ.

ದಾರಿಯಲ್ಲೇ ಶಂಕ್ರಪ್ಪನ ಮನೆ. ಬಾಗಿಲಲ್ಲಿ ನಿಂತು, ಗ್ಯಾಂಗಿನಲ್ಲಿ ನನ್ನ ಹೆಸರು ಹಚ್ಚು ಎಂದೆ. ಖರೇ ಬರುತ್ತೀಯೋ, ಆಮೇಲೆ ಕೈ ಕೊಡುತ್ತೀಯೋ ಎಂದು ಕೇಳಿದ. ಬರುತ್ತೇನೆ ಎಂದೆ.

ಮನೆಯಲ್ಲಿ ಮಡಿವಾಳೆಪ್ಪ ನನ್ನ ಮುಖ ನೋಡಿ ಕೋಲು ಹಿಡಿದು ಎದ್ದು ನೀರು ತಂದುಕೊಟ್ಟ. ದೊಡ್ಡವಳು ರೊಟ್ಟಿ ಬಡಿಯುತ್ತಿದ್ದಳು. ಗೌರಿ ಸೌಟು ತಂದು ನನ್ನ ಕಿವಿಗೆ ಹಿಡಿದಳು, ಆಟವಾಡೋಣ ಎಂದು. ನಾನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ದೀಪಾವಳಿ ಮುಗಿದ ಮೇಲೆ ಅವ್ವ ಮತ್ತೆ ಕಬ್ಬಿಗೆ ಹೋಗುತ್ತಾಳೆ ಎಂದು ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ.

"ಅಕ್ಕನ ಮಾತು ಕೇಳಿಕೊಂಡು ಶಾಣ್ಯಾ ಆಗಿ ಇರತೀ ಇಲ್ಲೋ?"

ಅವಳು ನನ್ನ ಮುಖ ನೋಡಲಿಲ್ಲ. ಸೌಟಿನ ಹಿಡಿಕೆಯನ್ನು ತಿರುವುತ್ತ ಕೂತಳು. ಈ ಸಲ ಮುದುಕನ ಹಾಗೆ ಕೆಮ್ಮಲಿಲ್ಲ, ಸೊಂಟದ ಮೇಲೆ ಕೈ ಇಡಲಿಲ್ಲ.

"ನೋಡೂಣು," ಎಂದಳು.